ಇನ್ನೊಮ್ಮೆ

ಒಂದೇ ಹುದ್ದೆ. ಹನ್ನೊಂದು ತಿಂಗಳು. ಸಂಶೋಧನಾ ಸಹಾಯಕಿ.
ಹೊರಗ ಬೆಂಚಿನ ಮ್ಯಾಲೆ ಇಪ್ಪತ್ಮೂರು ಮಂದಿ,
ಎಲ್ಲರ ತೊಡಿ ಮ್ಯಾಲೂ ಅದೇ ನೀಲಿ ಫೈಲು.

ನನ್ನ ಚೀಲದಾಗ ಬೆಳಗಾವಿ ಉದ್ಯಮಬಾಗದ ಒಂದು ಒಡಕು ಎರಕ;
ಹುಬ್ಬು ಸುಟ್ಟ ಅಪ್ಪ ಸುತ್ತಿಗೀಲೆ ಬಡದು, ಕಿವಿಗೊಟ್ಟು,
‘ಇದು ಸತ್ತೈತಿ, ಸುಗಲಾ’ ಅಂತ ಬದಿಗಿಟ್ಟಿದ್ದು.
ಆ ಒಂದು ಮಾತಿಗೆ ನಾ ಐದು ವರ್ಷ ಪುರಾವೆ ಬರದೆ.

‘ಅನುಭವ?’ ಅಂದ್ರು.
ಮೇಜಿನ ಮ್ಯಾಲಿಟ್ಟು ಪೆನ್ನಿಲೆ ಬಡದೆ.
ಠಪ್.
ಒಬ್ರು ಗಡಿಯಾರ ನೋಡಿದ್ರು.
ಕಡೀ ಕುರ್ಚಿಯ ಮುದುಕ
ಕನ್ನಡಕ ತಗದು, ‘ಇನ್ನೊಮ್ಮೆ’ ಅಂದ.

ಪತ್ರ ಇನ್ನೂ ಬಂದಿಲ್ಲ.
ಅಪ್ಪ ಏನೂ ಕೇಳೂದಿಲ್ಲ;
ಸಂಜಿಗೆ ಬಾಗಲದಾಗ ನಿಂತು
‘ಚಾ ಆತೇನು’ ಅಂತ ಒದರಿ
ನನ್ನ ದನಿ ಬರೂತನಕ ತಡೀತಾನ.