ಹನ್ನೊಂದನೆಯದು

ಶನಿವಾರದ ಕೊನೇ ಪಿರಿಯಡ್ಡು, ಕೀಲಾರದ ಶಾಲೆಯ ಹೊಂಗೆಯ ಕೆಳಗೆ
ಏಳನೇ ಕ್ಲಾಸು ದುಂಡಗೆ ಕೂತಿತ್ತು, ಹತ್ತೊಂಬತ್ತು ಮಂದಿ.
ತಸ್ಮಿಯಾಳ ಕಿವಿಯಲ್ಲಿ ಉಸುರಿದೆ:
'ನಾಲೆಗೆ ನೀರು ಬಿಟ್ಟರು.'
ಅರ್ಧ ಸುತ್ತಿಗೆ ಅದು 'ಬಾಳೆಗೆ ನೀರು ಕೊಟ್ಟರು' ಆಗಿ,
ಕೊನೆಗೆ ಬೋರೇಶ ಎದ್ದು ನಿಂತು ಕೂಗಿದ:
'ನಾಳೆಗೆ ರಜೆ ಕೊಟ್ಟರು!'
ನಾಳೆ ಭಾನುವಾರ ಕಣೋ, ಅಂದೆ.
'ಅದ್ಕೇ ಮಿಸ್, ನಿಜವೇ ಆಯ್ತಲ್ಲ.'

ಕಿವಿ ಬಲು ಕಳ್ಳ,
ತನಗೆ ಬೇಕಾದ್ದನ್ನೇ ಹೊತ್ತು ತರುತ್ತದೆ.

ಅದಕ್ಕೇ ಸಂತೆಯಾಟ ಹಿಡಿದದ್ದು.
'ಸಂತೆಗೆ ಹೋದೆ, ಒಂದಚ್ಚು ಬೆಲ್ಲ ತಂದೆ', ಇದು ನಾನು.
ಪಕ್ಕದವಳು ನನ್ನ ಬೆಲ್ಲ ಹೊತ್ತು, ಮೇಲೆ ತನ್ನದೊಂದು ಬಾಚಣಿಗೆ,
ಅವಳ ಪಕ್ಕದವನು ಬೆಲ್ಲ, ಬಾಚಣಿಗೆ, ಸೈಕಲ್ ಟ್ಯೂಬು.
ಮೊದಮೊದಲು ಯಾರೂ ಕೇಳುತ್ತಿರಲಿಲ್ಲ.
ತುಟಿ ಮಾತ್ರ ಅಲ್ಲಾಡುತ್ತಿತ್ತು, ತಂತಮ್ಮದನ್ನೇ ಉರು ಹೊಡೆಯುತ್ತ;
ಸರದಿ ಬಂದಾಗ ಬೆಲ್ಲವೂ ಇಲ್ಲ, ಬಾಚಣಿಗೆಯೂ ಇಲ್ಲ.
'ಸಾಮಾನು ಬಿಡಿ, ಹೇಳಿದವರ ಮುಖ ನೋಡಿ' ಅಂದೆ.
ಮುಖ ನೆನೆದರೆ ಮಾತು ತಾನೇ ಬರುತ್ತದೆ,
ಹಸುವಿನ ಹಿಂದೆ ಕರು ಬಂದಂತೆ.

ಹನ್ನೊಂದನೆಯವನು ಹುಲುಗಪ್ಪ.
ಕಬ್ಬು ಕಡಿಯಲು ಬಳ್ಳಾರಿ ಕಡೆಯಿಂದ ಬಂದ ಗುಂಪಿನ ಹುಡುಗ,
ನಾಲೆ ಏರಿ ಮೇಲೆ ಟಾರ್ಪಾಲಿನ ಮನೆ,
ಎರಡು ತಿಂಗಳಲ್ಲಿ ಬಾಯಿ ಬಿಟ್ಟದ್ದೇ ಕಡಿಮೆ.
ಹತ್ತನ್ನೂ ಒಂದೊಂದಾಗಿ ಇಳಿಸಿ, ತಪ್ಪದೆ,
'ಒಂದ್ ಸೇರು ಮಂಡಕ್ಕಿ ತಂದೆ' ಅಂದ.
'ಮಂಡಕ್ಕಿ ಅಂದ್ರೇನ್ಲಾ?' ನಕ್ಕರು.
ಅವನು ಅಂಗೈ ಬಟ್ಟಲು ಮಾಡಿ, ಬಾಯಿಗೆ ಎಸೆದುಕೊಂಡು ತೋರಿಸಿದ.
'ಅಯ್ಯ, ಕಡ್ಲೆಪುರಿ ಕಣ್ ಮಿಸ್!'
ಇರಲಿ, ಅವನು ತಂದದ್ದು ಮಂಡಕ್ಕಿ, ಅಂದೆ.

ಸಂಕ್ರಾಂತಿ ಕಳೆದು ಕಬ್ಬು ಮುಗಿಯಿತು.
ಏರಿ ಮೇಲೆ ಮೂರು ಕಲ್ಲು, ಮಸಿ.
ಹಾಜರಿ ಪುಸ್ತಕದಲ್ಲಿ ಹುಲುಗಪ್ಪನ ಸಾಲಿಗೆ ನಾನೇ ಗೆರೆ ಎಳೆದೆ,
ಅಡಿಪಟ್ಟಿ ಇಟ್ಟು, ಕೆಂಪು ಶಾಯಿಯಲ್ಲಿ.

ಆಟ ಮಾತ್ರ ಹಳೇ ಚೀಲದಿಂದಲೇ ಶುರುವಾಗಬೇಕಂತೆ.
ಹತ್ತು ಮುಗಿದೊಡನೆ ಒಂದಾಳಿನಷ್ಟು ಜಾಗ ಬಿಟ್ಟಿರುತ್ತಾರೆ,
ಯಾರೂ ಹೇಳಿಕೊಡದೆ ಬೋರೇಶ ಅಂಗೈ ಬಟ್ಟಲು ಮಾಡುತ್ತಾನೆ.

ಮೊನ್ನೆ ಸುತ್ತು ನನಗೇ ತಿರುಗಿ ಬಂತು.
ತಲೆಯಲ್ಲಿ ಸೋಮವಾರ ಕಳಿಸಬೇಕಾದ ಬಿಸಿಯೂಟದ ಲೆಕ್ಕ;
ಬೆಲ್ಲ, ಬಾಚಣಿಗೆ, ಟ್ಯೂಬು, ಹಾಗೇ ಓಡುತ್ತ
ಹನ್ನೊಂದಕ್ಕೆ ಬಂದು 'ಕಡ್ಲೆಪುರಿ' ಅಂದುಬಿಟ್ಟೆ.
ಯಾರೂ ನಗಲಿಲ್ಲ.
ತಸ್ಮಿಯಾ ನನ್ನ ಮುಖವನ್ನೇ ನೋಡುತ್ತಿದ್ದಳು.
'ಔಟು, ಮಿಸ್.'