ಸ್ಲೀಪರಿನ ಅಳತೆ

ಡಾಕ್ಟರು ಹೇಳಿದರು: ಹೊನ್ನಿ, ದಿನಾ ನಲವತ್ತು ನಿಮಿಷ
ನಡೆಯಲೇಬೇಕು, ಸಕ್ಕರೆ ಇನ್ನೂರರ ಮೇಲಿದೆ.
ನಗು ಬಂತು. ನಡೆಯುವುದಕ್ಕೇ ನನಗೆ
ದಿನಕ್ಕೆ ಮೂವತ್ತೆಂಟು ರೂಪಾಯಿ ಕೊಡುತ್ತಿದ್ದರು ಒಂದು ಕಾಲಕ್ಕೆ,
ಶನಿವಾರ ಸಂಜೆ, ಹೆಬ್ಬೆಟ್ಟು ಒತ್ತಿಸಿಕೊಂಡು.

ದಾರಿಯೂ ಅದೇ.
ಹಾರವಾಡದ ಗುಡ್ಡದ ಕಲ್ಲುಕ್ವಾರಿಯಿಂದ
ಸುರಂಗದ ಬಾಯಿಯವರೆಗೆ ಕಂಟ್ರಾಕ್ಟರನ ಟ್ರಾಲಿ ಹಳಿ,
ಎರಡು ಮೊಳ ಅಗಲ.
ಬಂಡೆ ಟ್ರಾಲಿಗೆ, ಜಲ್ಲಿ ನಮಗೆ.
ದೊಡ್ಡ ರೈಲು ಬರಲೆಂದು ಹುಟ್ಟಿದ ಸಣ್ಣ ರೈಲು;
ದೊಡ್ಡದು ಬಂದದ್ದೇ
ಇದರ ಹಳಿ ಕಿತ್ತು ತೂಕಕ್ಕೆ ಹಾಕಿದರು.
ಸ್ಲೀಪರು ಊರವರ ಪಾಲು:
ಒಂದು ನಮ್ಮ ಕೊಟ್ಟಿಗೆಯ ಹೊಸ್ತಿಲು,
ಎರಡು ಗದ್ದೆಯ ಕಾಲುವೆಗೆ ಸಂಕ,
ಇನಾಸ ಫರ್ನಾಂಡಿಸನ ಮನೆಯಲ್ಲಿ ಒಂದು ತುಂಡು
ಮೀನು ಕೊಯ್ಯುವ ಮಣೆ. ಎಷ್ಟು ತೊಳೆದರೂ
ಬಂಗಡೆಗೆ ಡಾಂಬರಿನ ವಾಸನೆ ಹತ್ತುತ್ತದೆಂದು
ಅವನ ಹೆಂಡತಿ ಈಗಲೂ ಬಯ್ಯುತ್ತಾಳೆ.

ಇಪ್ಪತ್ತು ಮಳೆಗಾಲ ಅಲ್ಲಿ ಲಂಟಾನ, ಹಾವು,
ಒಡೆದ ಬಾಟಲಿ.
ಹೋದ ವರ್ಷ ಪಂಚಾಯತಿಯವರು ಬೇರು ಕಿತ್ತು
ಕೆಂಪು ಟೈಲ್ಸ್ ಹಾಸಿ ಬೋರ್ಡು ನೆಟ್ಟರು.
ಸೊಸೆ ಓದಿ ಹೇಳಿದಳು:
‘ವಾಯುವಿಹಾರ ಪಥ. ವಾಹನ, ದನಕರುಗಳಿಗೆ ಪ್ರವೇಶವಿಲ್ಲ.’
ಅತ್ತೆಯರ ಬಗ್ಗೆ ಏನೂ ಬರೆದಿಲ್ಲ, ಹೋಗಿ ಅಂದಳು.
ಬಿಳಿ ಬೂಟು ತಂದಳು, ಕೂತು ಲೇಸು ಕಟ್ಟಿದಳು.

ಜೊತೆಗೆ ಬರುವವರು ಬ್ಯಾಂಕಿನ ರೇವಣಕರ ಮೇಡಂ.
ಮೊದಲ ದಿನವೇ ಕೇಳಿದರು:
ಏನ್ರೀ ನಿಮ್ಮ ನಡಿಗೆ, ಒಂದು ಚಿಕ್ಕದು ಒಂದು ದೊಡ್ಡದು,
ಮೊಣಕಾಲು ನೋವೇ?
ಏನೆಂದು ಹೇಳಲಿ.
ಸ್ಲೀಪರಿನಿಂದ ಸ್ಲೀಪರಿಗೆ
ಒಂದು ಹೆಜ್ಜೆಗೆ ಹೆಚ್ಚು, ಎರಡಕ್ಕೆ ಕಡಿಮೆ.
ತಲೆ ಮೇಲೆ ಜಲ್ಲಿಬುಟ್ಟಿ ಹೊತ್ತವಳು ಕೆಳಗೆ ನೋಡುವಂತಿಲ್ಲ,
ಕಾಲೇ ಎಣಿಸಬೇಕು.
ಏಳು ವರ್ಷ ಎಣಿಸಿದ ಕಾಲು,
ನಿಲ್ಲಿಸು ಅಂತ ಅದಕ್ಕೆ ಯಾರೂ ಹೇಳಲಿಲ್ಲ.

ಸಮುದ್ರ ಕಾಣುವ ತಿರುವಿನಲ್ಲಿ ಒಂದು ಬೆಂಚು.
ಬೆನ್ನಿಗೆ ಕಂಟ್ರಾಕ್ಟರನ ತಂದೆಯ ಹೆಸರಂತೆ, ಸ್ಮರಣಾರ್ಥವಂತೆ.
ಅವರು ಈ ಕಡೆ ಬಂದದ್ದು ನಾನಂತೂ ನೋಡಿಲ್ಲ.
ಇಲ್ಲೇ ನಾವು ಗಂಜಿ ಉಣ್ಣುತ್ತಿದ್ದದ್ದು.
ಇಲ್ಲೇ ಬ್ರೇಕು ಹಿಡಿಯದ ಟ್ರಾಲಿಗೆ
ಇನಾಸ ಕೈ ಅಡ್ಡ ಕೊಟ್ಟದ್ದು. ಎರಡು ಬೆರಳು.
ಅದನ್ನೆಲ್ಲ ಮೇಡಂಗೆ ಹೇಳಲಿಲ್ಲ.
ಬೆಂಚು ಒಳ್ಳೆಯದೇ. ಗೇರುಮರದ ನೆರಳಿದೆ.
ಅವರು ನೀರು ಕುಡಿದು ಬಾಟಲಿ ನನಗೂ ಚಾಚಿದರು.

ನಿನ್ನೆ ಬೆಳಿಗ್ಗೆ ಹಿಂದಿನಿಂದ
ಸೈಕಲ್ಲಿನ ಬೆಲ್ಲು. ಯಾವುದೋ ಹುಡುಗ, ಶಾಲೆಗೆ ತಡವಾದವನು.
ನಾನು ತಿರುಗಿ ನೋಡಲಿಲ್ಲ.
ಎಡಕ್ಕೆ ಸರಿದು, ಬೆನ್ನು ಗುಡ್ಡಕ್ಕೆ ಒತ್ತಿ,
ಉಸಿರು ಹಿಡಿದು ನಿಂತೆ.
ಸೈಕಲ್ಲು ಹೋಯಿತು.
ಆಮೇಲೆ ನೋಡುತ್ತೇನೆ,
ಬಲಗೈ ಮೇಲೆದ್ದಿದೆ,
ತಲೆಯ ಮೇಲಿಲ್ಲದ ಬುಟ್ಟಿಯನ್ನು
ಬೀಳದ ಹಾಗೆ ಹಿಡಿದುಕೊಂಡು.