ಸ್ಲೀಪ್ ಮೂವತ್ತು, ಸ್ಲೀಪ್ ನಲವತ್ತೈದು

ಸೊಹಾರಿನಲ್ಲಿ ಕಡಲನ್ನು ಕುಡಿಯುವ ನೀರು ಮಾಡುವ ನಮ್ಮ ಸ್ಥಾವರಕ್ಕೆ
ಎರಡು ಪಾಳಿ, ಎರಡು ಸ್ಕ್ರಿಪ್ಟು.
ಹಗಲಿನದು ಭಟ್ಕಳದ ಫರ್ಹಾನ್ ಶಾಬಂದ್ರಿಯವರದು,
ರಾತ್ರಿಯದು ಕಲ್ಯಾಣಪುರದ ಸಿಪ್ರಿಯನ್ ಮಿನೇಜಸರದು.
ಕೆಲಸ ಒಂದೇ:
ಪಂಪು ನಿಲ್ಲಿಸು, ಜರಡಿ ತೊಳೆ, ಸ್ವಲ್ಪ ಕಾಯಿ,
ಮತ್ತೆ ಪಂಪು ಹಾಕು.
ಇಬ್ಬರಿಗೂ ಹನ್ನೊಂದು ವರ್ಷದಿಂದ ಮಾತಿಲ್ಲ.
ಫಲಜ್ ಅಲ್ ಖಬಾಯಿಲ್‌ನ ಬಾಡಿಗೆ ಕೋಣೆ, ಪಾಲಿನಲ್ಲಿ ಕೊಂಡ ಫ್ರಿಜ್ಜು,
ಅಷ್ಟೇ ನಮಗೆ ಗೊತ್ತಿರುವುದು.

ಎರಡನ್ನೂ ಒಂದು ಮಾಡು ಎಂದರು ಮೇಲಿನವರು ನನಗೆ,
ಇಂಥವು ಇನ್ನೂ ನೂರಿವೆ, ಕೈಯಲ್ಲಿ ಹೊಲಿಯಬೇಡ,
ಹೊಲಿಯುವ ಲೈಬ್ರರಿಯನ್ನೇ ಬರೆ.

ಗೆರೆಗೆ ಗೆರೆ ಹಿಡಿದು ನೋಡುವ ಹಳೆಯ ಉಪಕರಣ
ಎರಡು ಸ್ಪೇಸ್ ಹೆಚ್ಚಾದರೆ ಜಗಳ ಎಂದು ಕೂಗುತ್ತದೆ,
ಕೋಟ್ ಒಂದು ಬಿದ್ದುಹೋದರೆ
ಮದುವೆ ಮನೆಯ ದಲ್ಲಾಳಿಯ ಹಾಗೆ ಸುಮ್ಮನಿರುತ್ತದೆ.
ಶೆಲ್ಲಿಗೋ ತನ್ನದೇ ಮಡಿ:
ಇಫ್ ಎಂದು ತೆರೆದ ಬಾಗಿಲನ್ನು
ಅದೇ ಅಕ್ಷರ ತಿರುಗಿ ನಿಂತು ಫಿ ಎಂದು ಮುಚ್ಚಬೇಕು.
ಕೇಸಿನೊಳಗೆ ಹೋದವರು ಎಸ್ಯಾಕ್ ಎಂದು
ಹಿಂದೆ ಹಿಂದೆ ಹೆಜ್ಜೆಯಿಟ್ಟು ಹೊರಬರಬೇಕು,
ದೊಡ್ಡವರಿಗೆ ಬೆನ್ನು ತೋರಿಸಬಾರದಲ್ಲ.
ಇದನ್ನೆಲ್ಲ ಕಲಿಸಿದೆ ನನ್ನ ಲೈಬ್ರರಿಗೆ
ಆರು ತಿಂಗಳು, ಎ.ಸಿ.ಯ ನೀರು ಬಕೆಟ್ಟಿಗೆ ತೊಟ್ಟಿಕ್ಕುತ್ತಿರಲು.

ಕಲಿಸಲಾಗದ್ದು ಒಂದೇ.
ಎರಡನ್ನು ಕೂಡಿಸಲು ಮೂರನೆಯದು ಬೇಕು,
ಇಬ್ಬರೂ ಬೇರೆಯಾಗುವ ಮುಂಚಿನ ಮೂಲಪ್ರತಿ.
ಅದಿದ್ದ ಸರ್ವರನ್ನು ಗುಜರಿಗೆ ಹಾಕಿ ಬಹಳ ಕಾಲವಾಯಿತು.
ಹಾಗಾಗಿ ಊಹಿಸು ಎಂದೆ:
ಇಬ್ಬರಲ್ಲೂ ಇರುವುದು ಅಮ್ಮನಿಂದ ಬಂದದ್ದು,
ಒಬ್ಬರಲ್ಲೇ ಇರುವುದು ಅವರ ದುಡಿಮೆ.

ಮುನ್ನೂರ ಎಂಟನೆಯ ಗೆರೆಯಲ್ಲಿ ಲೆಕ್ಕ ತಪ್ಪಿತು.
ಲೋಳೆಮೀನು ಬಂದರೆ ಮಾಡಬೇಕಾದ್ದು, ಪುಟ್ಟ ಫಂಕ್ಷನ್ನು,
ಇಬ್ಬರಲ್ಲೂ ಅಕ್ಷರಶಃ ಒಂದೇ.
ಪ್ರೆಷರ್‌ನಲ್ಲಿ ಒಂದು ಎಸ್ ಇಲ್ಲ. ಇಬ್ಬರಲ್ಲೂ ಇಲ್ಲ.
ಆದರೆ ಲೋಳೆಮೀನು ನಮ್ಮ ಕೊಳವೆಗೆ ಬಂದದ್ದು
ಮಾತು ಬಿಟ್ಟ ನಾಲ್ಕನೆಯ ಬೇಸಗೆಗೆ.

ಯಾರು ಯಾರದ್ದನ್ನು ನಕಲು ಮಾಡಿದರು?
ಯಾವ ನಡುರಾತ್ರಿ, ಯಾವ ಮಟಮಟ ಮಧ್ಯಾಹ್ನ,
ಒಬ್ಬರ ಫೈಲನ್ನು ಇನ್ನೊಬ್ಬರು ತೆರೆದು ಓದಿದರು
ಸದ್ದಾಗದ ಹಾಗೆ?
ಲೈಬ್ರರಿ ಹೇಳಲಿಲ್ಲ. ಹೇಳುವಂತೆ ನಾನು ಬರೆದಿರಲಿಲ್ಲ.

ಉಳಿದೆಲ್ಲ ಕೂಡಿತು. ಒಂದು ಗೆರೆ ಮಾತ್ರ ಕೂಡಲಿಲ್ಲ.
ಸಿಪ್ರಿಯನ್: ಸ್ಲೀಪ್ ಮೂವತ್ತು.
ಫರ್ಹಾನ್: ಸ್ಲೀಪ್ ನಲವತ್ತೈದು, ಪಕ್ಕದಲ್ಲಿ ಹ್ಯಾಶ್ ಹಾಕಿ
ಅವಸರ ಬೇಡ ಎಂದು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ.
ಹ್ಯಾಶಿನಾಚೆಯದನ್ನು ಯಂತ್ರ ಓದುವುದಿಲ್ಲ.
ನನ್ನ ಹೊನ್ನಾವರದ ಕಣ್ಣು ಓದಿತು.
ಮೂವತ್ತೇಳುವರೆ ಎಂದು ಬರೆದು ಕೈತೊಳೆಯಬಹುದಿತ್ತು.

ಬೆಳಗ್ಗೆ ಆರಕ್ಕೆ, ಪಾಳಿ ಬದಲಾಗುವ ಹೊತ್ತಿಗೆ,
ಇಬ್ಬರನ್ನೂ ಒಂದೇ ಪರದೆಯ ಮುಂದೆ ಕರೆದೆ.
ಇವರಿಗೆ ಹೇಳಿ, ಎಂದರು ಇವರು.
ಅವರಿಗೇ ಹೇಳಿ, ಎಂದರು ಅವರು.
ನನ್ನ ಕರಕ್ ಚಹಾ ಕೆನೆಗಟ್ಟಿತು.
ಆಮೇಲೆ ಶುರುವಾಯಿತು ಜಗಳ, ನೇರವಾಗಿ,
ಒಬ್ಬರದು ನವಾಯತಿ, ಇನ್ನೊಬ್ಬರದು ಇಗರ್ಜಿಯ ಕೊಂಕಣಿ,
ಎಂದೋ ಒಂದೇ ಕಡೆಯಿಂದ ಹೊರಟ ಮಾತು.
ನನಗೆ ಅರ್ಧ ತಿಳಿಯಿತು:
ರಾತ್ರಿ ನೀರು ತಣ್ಣಗಿರುತ್ತದಯ್ಯಾ.
ಹಗಲು ನೀನು ಬಂದು ಕೈಯಿಟ್ಟು ನೋಡು.

ನೀರಿನ ಬಿಸಿ ಓದಿ ಆಮೇಲೆ ಕಾಯಲಿ ಎಂದು
ಫರ್ಹಾನ್ ಒಂಟಿ ಬೆರಳಲ್ಲಿ ಇಫ್ ಒತ್ತಿದರು.
ಬರೆದು ಮುಗಿಸಿ, ಮುಚ್ಚುವುದನ್ನು ಮರೆತು,
ಕನ್ನಡಕ ಒರೆಸುತ್ತ ಕೂತರು.
ಸಿಪ್ರಿಯನ್ ಅವರ ಹೆಗಲ ಮೇಲಿಂದ ಬಾಗಿ
ಎರಡಕ್ಷರ ಒತ್ತಿ ಬಸ್ಸಿಗೆ ಹೊರಟುಹೋದರು.

ಫ್ರಿಜ್ಜಿನ ವಿಷಯ ಯಾರೂ ಎತ್ತಲಿಲ್ಲ.
ಪ್ರೆಷರ್‌ನ ಎಸ್ ನಾನಿನ್ನೂ ತಿದ್ದಿಲ್ಲ.